ಊರಿಗೆ ಮರಳಿದ ಹಾಡು



ಸಾಲ ತಂದವನು ಅದನ್ನು ಹಿಂದಿರುಗಿಸಬೇಕೆಂಬುದು ಲೋಕದ ನಿಯಮ. ದೇವಋಣ, ಋಷಿಋಣ, ಪಿತೃಋಣಗಳೆಂದು ನಮ್ಮ ಹಿರಿಯರು ಮೂರು ಋಣಗಳನ್ನು ಎಣಿಸಿ, ಅವುಗಳನ್ನು ತೀರಿಸುವ ಬಗೆಯನ್ನೂ ಹೇಳಿದರು. ಆದರೆ ಒಬ್ಬರ ಕೊರಳಿನಿಂದ ಹಾಡನ್ನು ಪಡೆದುಕೊಂಡು ಹೋದವನಿಗೆ ಏನಾದರೂ ಋಣವುಂಟೆ? ಹಾಡನ್ನು ಒಯ್ದರೆ ಹಾಡಿದವರ ಕೊರಳೇನೂ ಬರಿದಾಗುವುದಿಲ್ಲ. ಗಾಳಿ ಪರಿಮಳವನ್ನು ಒಯ್ದರೂ ಹೂವು ಹೂವಾಗಿಯೇ ಉಳಿಯುತ್ತದೆ. ಹಾಗಾದರೆ ಹಿಂದಿರುಗಿಸಬೇಕಾದದ್ದು ಯಾವುದು? ದನಿಯನ್ನು ಹಿಡಿದಿಡುವ ವಿದ್ಯೆಯನ್ನು ಮನುಷ್ಯ ಕಲಿಯುವವರೆಗೆ ಈ ಪ್ರಶ್ನೆಯೇ ಏಳಲಿಲ್ಲ. 1877ರಲ್ಲಿ ಎಡಿಸನ್ ಮಹಾಶಯನು ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿದಂದಿನಿಂದ ಇದು ನಮ್ಮ ಬೆನ್ನು ಹತ್ತಿದೆ. ಇಂದು ಒಂದು ಹಾಡಿನ ಕಥೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ. ಅದರ ಬೀಜ ಅಮೆರಿಕದ್ದು, ಅದು ಮೊಳೆತ ನೆಲ ಪೂರ್ವ ಆಫ್ರಿಕದ್ದು. ಲೋಕವನ್ನೆಲ್ಲ ಸುತ್ತಿದ ಆ ಹಾಡು ಅರುವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಧ್ವನಿಮುದ್ರಣ ಸಂಸ್ಥೆಯೊಂದರ ಸಂಚಾರದಲ್ಲಿ, ತನ್ನ ಊರಿಗೆ ಮರಳಿತು.

ಮೊದಲು ಒಂದು ಮಾತನ್ನು ತಿಳಿದಿರಬೇಕು. ಗ್ರಾಮಫೋನಿನ ಆರಂಭದ ದಿನಗಳಲ್ಲಿ ಗಾಯಕರು ಕಂಪೆನಿಯನ್ನು ಹುಡುಕಿಕೊಂಡು ಹೋದದ್ದಕ್ಕಿಂತ ಕಂಪೆನಿಗಳೇ ಗಾಯಕರನ್ನು ಹುಡುಕಿಕೊಂಡು ದೇಶಾಂತರ ಹೊರಟದ್ದು ಹೆಚ್ಚು. ಕಾರಣ ಸ್ಪಷ್ಟವಾಗಿದೆ. ಹಾಡುವ ಪೆಟ್ಟಿಗೆಯನ್ನು ಒಂದು ನಾಡಿನಲ್ಲಿ ಮಾರಬೇಕಾದರೆ ಆ ನಾಡಿನ ಹಾಡುಗಳ ತಟ್ಟೆಗಳು ಬೇಕು. ಈ ಉದ್ದೇಶದಿಂದಲೇ ಲಂಡನ್ನಿನ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದಿಳಿದು, ಪ್ರಸಿದ್ಧ ಗಾಯಕಿ ಗೌಹರ್ ಜಾನಳ ದನಿಯನ್ನು ತಟ್ಟೆಗಿಳಿಸಿದನು. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ನಮ್ಮ ಮೈಸೂರಿನಲ್ಲಿಯೇ ತೀರಿಕೊಂಡಳು. ಆಕೆಯಂಥವರಿಗೆ ಹೆಸರಿತ್ತು, ಬೆಲೆಯನ್ನು ಕೇಳಿ ಪಡೆಯುವ ದಿಟ್ಟತನವೂ ಇತ್ತು. ನಾನು ಹೇಳಹೊರಟಿರುವುದು ಹೆಸರೂ ಬೆಲೆಯೂ ಇಲ್ಲದಿದ್ದ ಹಾಡುಗಾರರ ಮಾತು.

ಅಮೆರಿಕದ ಟೆನಿಸೀ ಮತ್ತು ವರ್ಜೀನಿಯ ಸಂಸ್ಥಾನಗಳ ಗಡಿಯ ಮೇಲೆ ಬ್ರಿಸ್ಟಲ್ ಎಂಬ ಊರಿದೆ. ಅದರ ಮುಖ್ಯ ಬೀದಿಯ ಒಂದು ಮಗ್ಗುಲು ಒಂದು ಸಂಸ್ಥಾನ, ಇನ್ನೊಂದು ಮಗ್ಗುಲು ಇನ್ನೊಂದು. 1927ರ ಜುಲೈ ತಿಂಗಳ ಕೊನೆಯಲ್ಲಿ ವಿಕ್ಟರ್ ಕಂಪೆನಿಯ ಪರವಾಗಿ ರಾಲ್ಫ್ ಪಿಯರ್ ಎಂಬಾತನು ಇಬ್ಬರು ಯಂತ್ರಜ್ಞರೊಡನೆ ಅಲ್ಲಿಗೆ ಹೋದನು. ಟೋಪಿ ಕಂಪೆನಿಯೊಂದಕ್ಕೆ ಸೇರಿದ್ದ ಕಟ್ಟಡದ ಖಾಲಿ ಜಾಗದಲ್ಲಿ ಯಂತ್ರಗಳನ್ನು ಹೂಡಿ, ಗುಡ್ಡಗಾಡಿನ ಹಾಡುಗಾರರಿಗಾಗಿ ಕಾದು ಕುಳಿತನು. ಮೊದಲು ಬಂದವರು ಬಹಳ ಮಂದಿಯಲ್ಲ. ಆಗ ಅಲ್ಲಿಯ ಪತ್ರಿಕೆಯೊಂದು ಸ್ಟೋನ್‌ಮನ್ ಎಂಬ ಆ ಸೀಮೆಯ ಗಾಯಕನು ಹಿಂದಿನ ವರ್ಷ ತಟ್ಟೆಗಳಿಂದಲೇ 3,600 ಡಾಲರು ಗಳಿಸಿದನೆಂದು ವರದಿ ಮಾಡಿತು. ಸರಿ, ಬೆಟ್ಟದ ಹಳ್ಳಿಗಳಿಂದ ಪಿಟೀಲು ಬ್ಯಾಂಜೋಗಳನ್ನು ಹೊತ್ತುಕೊಂಡು ಜನ ಇಳಿದು ಬಂದರು! ಹಣದ ಸುದ್ದಿಗಿರುವಷ್ಟು ವೇಗ ತಂತಿಸಮಾಚಾರಕ್ಕೂ ಇಲ್ಲವೆಂದು ಕಾಣುತ್ತದೆ. ಸುಮಾರು ಹನ್ನೆರಡು ದಿನಗಳಲ್ಲಿ ಹತ್ತೊಂಬತ್ತು ತಂಡಗಳು ಎಪ್ಪತ್ತಾರು ಹಾಡುಗಳನ್ನು ಹಾಡಿದವು.

ಆಗಸ್ಟ್ 4ರಂದು ಹಾಡಿದವನು ಜಿಮ್ಮಿ ರಾಜರ್ಸ್. ಮಿಸಿಸಿಪಿ ಸೀಮೆಯವನು, ರೈಲ್ವೆಯಲ್ಲಿ ದುಡಿದು, ಕ್ಷಯರೋಗ ತಗುಲಿ ಆ ಕೆಲಸ ಕೈಬಿಟ್ಟವನು. ಜತೆಗಾರರೊಡನೆ ಹಿಂದಿನ ದಿನವೇ ಮನಸ್ತಾಪವಾಗಿ ಒಬ್ಬನೇ ಗಿಟಾರನ್ನು ಹಿಡಿದು ಕುಳಿತು ಎರಡು ಹಾಡುಗಳನ್ನು ಹಾಡಿದನು. ದೊರೆತದ್ದು ನೂರು ಡಾಲರು. ಎದೆಯ ದನಿಯಿಂದ ಥಟ್ಟನೆ ಕಳ್ಳದನಿಗೆ ಹಾರಿ, ಮತ್ತೆ ಇಳಿದು, ಪದವಿಲ್ಲದೆ ಕೂಗುವ ಒಂದು ಪದ್ಧತಿ ಅವನಿಗೆ ವಶವಾಗಿತ್ತು. ಅದನ್ನು ಯೋಡಲ್ ಎನ್ನುತ್ತಾರೆ. ಆ ಕೂಗೇ ಅವನ ಬಿರುದಾಯಿತು. ಮುಂದೆ ಆರು ವರ್ಷಗಳು ಮಾತ್ರ ಅವನು ಬದುಕಿದನು. 1933ರ ಮೇ ತಿಂಗಳಿನಲ್ಲಿ, ಮೂವತ್ತೈದನೆಯ ವಯಸ್ಸಿಗೆ, ಕ್ಷಯ ಅವನನ್ನು ಒಯ್ದಿತು. ಆದರೆ ಅವನ ದನಿ ಅವನೊಡನೆ ಹೋಗಲಿಲ್ಲ. ಅರಗಿನ ತಟ್ಟೆಗಳನ್ನೇರಿ ಕಡಲು ದಾಟಿತು.

ಹಾಗೆ ದಾಟಿದ ತಟ್ಟೆಗಳಲ್ಲಿ ಕೆಲವು ಕೀನ್ಯಾ ದೇಶದ ಕೆರಿಚೊ ಎತ್ತರನಾಡನ್ನು ಸೇರಿದವು. ಅಲ್ಲಿಯ ಮಣ್ಣು ಕೆಂಪು. ಚಹದ ಬೆಳೆಗೆ ಹೇಳಿ ಮಾಡಿಸಿದ್ದು. ನಮ್ಮ ಮಲೆನಾಡಿನ ಕಾಫಿ ತೋಟಗಳ ನಾಡನ್ನು ಬಲ್ಲವರಿಗೆ ಅದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಆ ನೆಲದ ಮಕ್ಕಳು ಕಿಪ್ಸಿಗಿಸ್ ಎಂಬ ಜನ. ದನಕರುಗಳನ್ನು ಪ್ರಾಣದಂತೆ ಕಾಣುವವರು. ಇಂಗ್ಲಿಷರ ಆಳ್ವಿಕೆಯಲ್ಲಿ ಅವರ ಭೂಮಿಯಲ್ಲಿ ಎಷ್ಟೋ ಭಾಗ ಬಿಳಿಯರ ಚಹತೋಟಗಳಾಗಿ ಹೋಗಿತ್ತು. ಪರದೇಶಿಯರು ತಂದ ಗ್ರಾಮಫೋನುಗಳೊಡನೆ ಜಿಮ್ಮಿ ರಾಜರ್ಸನ ಹಾಡೂ ಅಲ್ಲಿಗೆ ಬಂದಿತು. ಹಾಡಿನ ಭಾಷೆ ಅವರಿಗೆ ತಿಳಿಯದು. ಹಾಡಿದವನು ಯಾರೆಂಬುದೂ ತಿಳಿಯದು. ಆದರೆ ಪೆಟ್ಟಿಗೆಯೊಳಗಿನಿಂದ ಬಂದ ಆ ಕೂಗು ಮಾತ್ರ ಮನಸ್ಸಿಗೆ ನಾಟಿತು.

ಆಮೇಲೆ ನಡೆದದ್ದು ನನ್ನಂತಹ ಕನ್ನಡ ಪಂಡಿತನಿಗೆ ಅತ್ಯಂತ ಸಂತೋಷವನ್ನು ಕೊಡುವ ಸಂಗತಿ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಸ್ಕೃತದ ಶಬ್ದಗಳು ಕನ್ನಡದ ನಾಲಗೆಗೆ ಹೇಗೆ ಒಗ್ಗುತ್ತವೆಂಬುದನ್ನು ಒಂದು ಪ್ರಕರಣದಲ್ಲಿ ವಿವರಿಸಿದ್ದಾನೆ. ಬ್ರಹ್ಮ ಬೊಮ್ಮನಾಗುತ್ತಾನೆ, ರತ್ನ ರನ್ನವಾಗುತ್ತದೆ, ಯಕ್ಷ ಜಕ್ಕನಾಗುತ್ತಾನೆ. ಈಚಿನ ಕಾಲದಲ್ಲಿ ಲ್ಯಾಂಟರ್ನು ನಮ್ಮಲ್ಲಿ ಲಾಂದ್ರವಾಯಿತು. ತದ್ಭವವೆಂದರೆ ಕೆಟ್ಟ ಶಬ್ದವೆಂದು ತಿಳಿದು ನಗುವ ವಿದ್ಯಾರ್ಥಿಗಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಶಬ್ದವೊಂದು ತದ್ಭವವಾಯಿತೆಂದರೆ ಅದು ಅತಿಥಿಯಾಗಿ ಜಗಲಿಯಲ್ಲಿ ಕುಳಿತಿರುವುದನ್ನು ಬಿಟ್ಟು, ಮನೆಯವನಾಗಿ ಒಳಗೆ ಊಟಕ್ಕೆ ಬಂದಿತೆಂದೇ ಅರ್ಥ. ಜಿಮ್ಮಿ ರಾಜರ್ಸ್ ಎಂಬ ಹೆಸರು ಕಿಪ್ಸಿಗಿಸ್ ಜನರ ಬಾಯಲ್ಲಿ ‘ಚೆಮಿರೋಚ’ ಎಂದಾಯಿತು. ಹೆಸರಿನೊಡನೆ ಆಳೂ ಬದಲಾದನು. ಆ ನಾಡಿನ ಹೆಣ್ಣುಮಕ್ಕಳ ಹಾಡಿನಲ್ಲಿ ಅವನು ಅರ್ಧ ಮನುಷ್ಯ, ಅರ್ಧ ಮೃಗ, ಚಿಗರೆಯ ಕಾಲುಳ್ಳವನು. ಮೈಮೇಲಿನ ಉಡುಪು ಕಳಚಿ ಬೀಳುವಷ್ಟು ಎತ್ತರಕ್ಕೆ ನೆಗೆದು ಕುಣಿಯೆಂದು ಹುಡುಗಿಯರು ಅವನನ್ನು ಹುರಿದುಂಬಿಸುತ್ತಾರೆ.

ನಗಬೇಡಿ. ನಮ್ಮ ಪುರಾಣಗಳ ಕಿನ್ನರರು ಯಾರು? ಕುದುರೆಯ ರೂಪವೂ ಮನುಷ್ಯನ ರೂಪವೂ ಬೆರೆತವರು, ದೇವಲೋಕದ ಗಾಯಕರು. ಒಂದು ವಾದ್ಯಕ್ಕೇ ಅವರ ಹೆಸರನ್ನಿಟ್ಟು ಕಿನ್ನರಿ ಎಂದೆವು. ಅಲೌಕಿಕವೆನಿಸುವ ದನಿ ಕಿವಿಗೆ ಬಿದ್ದಾಗ, ಇದು ಬರಿಯ ಮನುಷ್ಯನ ಕೊರಳಲ್ಲ ಎಂದು ನಮ್ಮ ಪೂರ್ವಿಕರಿಗೆ ತೋರಿದಂತೆಯೇ ಕೆರಿಚೊ ನಾಡಿನ ಹುಡುಗಿಯರಿಗೂ ತೋರಿತು. ಕ್ಷಯದಿಂದ ಕೆಮ್ಮುತ್ತಿದ್ದ ಒಬ್ಬ ರೈಲ್ವೆ ನೌಕರನು ಹೀಗೆ ಅಲ್ಲಿ ಕಿನ್ನರನಾದನು. ಇಲ್ಲಿ ಯಾರೂ ಏನನ್ನೂ ಕದ್ದಂತಾಗಲಿಲ್ಲ. ಹಾಡು ಹಾಡನ್ನು ಹಡೆಯಿತು, ಅಷ್ಟೆ.

ಈಗ ಕಥೆಗೆ ಇನ್ನೊಬ್ಬರು ಬರುತ್ತಾರೆ. ಅವರ ಹೆಸರು ಹ್ಯೂ ಟ್ರೇಸಿ. 1903ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 1920ರಲ್ಲಿ ಹೊಗೆಸೊಪ್ಪಿನ ಬೇಸಾಯಕ್ಕೆಂದು ದಕ್ಷಿಣ ರೊಡೀಸಿಯಕ್ಕೆ, ಅಂದರೆ ಇಂದಿನ ಜಿಂಬಾಬ್ವೆಗೆ ಬಂದವರು. ಹೊಲದ ಆಳುಗಳೊಡನೆ ಕೆಲಸಮಾಡುತ್ತ ಅವರ ನುಡಿಯನ್ನೂ ಹಾಡನ್ನೂ ಕಲಿತರು. ಆಫ್ರಿಕದವರಿಗೆ ಸಂಗೀತವೆಂಬುದೇ ಇಲ್ಲ, ಇರುವುದು ಬರಿಯ ತಮಟೆಯ ಸದ್ದು ಎಂದು ಬಿಳಿಯರು ತಾತ್ಸಾರಮಾಡುತ್ತಿದ್ದ ಕಾಲ ಅದು. ಟ್ರೇಸಿಯವರು ಆ ತಾತ್ಸಾರಕ್ಕೆ ಉತ್ತರವಾಗಿ ತಮ್ಮ ಬಾಳನ್ನೇ ಸವೆಸಿದರು. ಜೋಹಾನ್ಸ್‌ಬರ್ಗಿನ ಗ್ಯಾಲೊ ಎಂಬ ತಟ್ಟೆಯ ಕಂಪೆನಿ ಅವರ ಸಂಚಾರಗಳಿಗೆ ನೆರವಾಯಿತು. ಧ್ವನಿಮುದ್ರಣದ ವಾಹನ, ವಿದ್ಯುತ್ತನ್ನು ಹುಟ್ಟಿಸುವ ಯಂತ್ರ, ಅದರ ಗದ್ದಲ ಹಾಡಿನಲ್ಲಿ ಸೇರದಂತೆ ದೂರ ನಿಲ್ಲಿಸಲು ಬೇಕಾದ ಉದ್ದನೆಯ ತಂತಿ, ಇವಿಷ್ಟರೊಡನೆ ಅವರು ಮಧ್ಯ ಮತ್ತು ಪೂರ್ವ ಆಫ್ರಿಕದ ಊರೂರುಗಳನ್ನು ಸುತ್ತಿದರು. ಮೈಕನ್ನು ಕಂಬಕ್ಕೆ ನಿಲ್ಲಿಸದೆ ಕೈಯಲ್ಲೇ ಹಿಡಿದು, ಹಾಡುವವರ ಬಳಿಗೂ ನುಡಿಸುವವರ ಬಳಿಗೂ ಸರಿಸುತ್ತ, ಎರಡನ್ನೂ ಹದವಾಗಿ ಬೆರೆಸುವುದು ಅವರ ಪದ್ಧತಿ. ಹಾಡಿನ ಭಾಷೆ, ಊರು, ವಾದ್ಯ, ವಾದ್ಯದ ಶ್ರುತಿ, ಎಲ್ಲವನ್ನೂ ಚೀಟಿಯಲ್ಲಿ ಬರೆದಿಡುತ್ತಿದ್ದರು. ಹೀಗೆ ಕೂಡಿಸಿದ್ದನ್ನು ಇನ್ನೂರಕ್ಕೂ ಹೆಚ್ಚು ದೀರ್ಘವಾದನದ ತಟ್ಟೆಗಳ ಒಂದು ಮಾಲೆಯಾಗಿ ಹೊರತಂದರು. 1954ರಲ್ಲಿ ಅವರು ಸ್ಥಾಪಿಸಿದ ಆಫ್ರಿಕ ಸಂಗೀತದ ಅಂತರರಾಷ್ಟ್ರೀಯ ಭಂಡಾರವು ಈಗ ದಕ್ಷಿಣ ಆಫ್ರಿಕದ ರೋಡ್ಸ್ ವಿಶ್ವವಿದ್ಯಾನಿಲಯದಲ್ಲಿದೆ.

1950ರಲ್ಲಿ ಟ್ರೇಸಿಯವರ ವಾಹನ ಕೆರಿಚೊ ಸೀಮೆಯ ಕಪ್ಕಟೆಟ್ ಎಂಬ ಊರಿಗೆ ಬಂದಿತು. ಅಲ್ಲಿ ಚೆಮಿರೋಚನ ಮೇಲಿನ ಹಾಡುಗಳು ಮೂರು ದೊರೆತವು. ಮೊದಲ ಎರಡು ಗಂಡಸರವು, ಮೂರನೆಯದು ಹುಡುಗಿಯರದು. ಚೆಪ್ಕೊಂಗ್ ಎಂಬ ತಂತಿವಾದ್ಯದ ಮಿಡಿತ, ಅದರ ಮೇಲೆ ಎಳೆಯ ಕೊರಳುಗಳು. ಎಲ್ಲ ಸೇರಿ ಒಂದೂವರೆ ನಿಮಿಷದಷ್ಟು. ಅಷ್ಟು ಚಿಕ್ಕ ಹಾಡು ಟ್ರೇಸಿಯವರ ಸಾವಿರಾರು ಧ್ವನಿಮುದ್ರಣಗಳ ನಡುವೆ ಬೇರೆಯಾಗಿ ಹೊಳೆಯಿತು. ಲಂಡನ್, ಅಮೆರಿಕ ಎನ್ನದೆ ಸಂಗೀತವನ್ನು ಬಲ್ಲವರು ಅದನ್ನು ಕೇಳಿ ತಲೆದೂಗಿದರು. ಜಿಮ್ಮಿ ರಾಜರ್ಸನ ನಾಡಿನವರು, ತಮ್ಮವನೇ ಚಿಗರೆಯ ಕಾಲುಗಳೊಡನೆ ಮರಳಿ ಬಂದುದನ್ನು ಕಂಡು ಬೆರಗಾದರು.

ಆದರೆ ಕಪ್ಕಟೆಟ್ಟಿನಲ್ಲಿ ಉಳಿದದ್ದೇನು? ವಾಹನ ಹೊರಟುಹೋಯಿತು, ರಸ್ತೆಯ ಧೂಳು ಅಡಗಿತು. ಹಾಡಿದವರು ಮದುವೆಯಾದರು, ಮಕ್ಕಳನ್ನು ಹಡೆದರು, ಮುದುಕರಾದರು. 1963ರ ಡಿಸೆಂಬರಿನಲ್ಲಿ ಅವರ ದೇಶ ಸ್ವತಂತ್ರವಾಯಿತು. ಲೋಕದ ಯಾವಯಾವುದೋ ಪುಸ್ತಕಭಂಡಾರಗಳಲ್ಲಿ ಅವರ ದನಿ ಎಳೆಯದಾಗಿಯೇ ಇತ್ತು. ಅವರ ಊರಿನಲ್ಲಿ ಮಾತ್ರ ಅದು ಇರಲಿಲ್ಲ. ಟ್ರೇಸಿಯವರ ಶ್ರದ್ಧೆಯನ್ನು ನಾನು ಹೀಗಳೆಯುತ್ತಿಲ್ಲ. ಅವರು ಹಿಡಿದಿಡದಿದ್ದರೆ ಆ ಹಾಡು ಗಾಳಿಯಲ್ಲಿ ಕರಗುತ್ತಿತ್ತು. ಆದರೂ ನೀರನ್ನು ಕೆರೆಯಿಂದ ಕಾಲುವೆಗೆ ಹರಿಸಿ, ಕೆರೆಯ ದಂಡೆಯಲ್ಲಿರುವವರಿಗೇ ಬಿಂದಿಗೆ ನೀರು ಇಲ್ಲದಂತಾದರೆ ಅದನ್ನು ಪೂರ್ತಿ ಪುಣ್ಯಕಾರ್ಯವೆನ್ನಲು ಮನಸ್ಸು ಒಪ್ಪುವುದಿಲ್ಲ.

ಈ ಋಣಕ್ಕೆ ಹಣದ ಮುಖವೂ ಒಂದು ಉಂಟು. ಅದೇ ಗ್ಯಾಲೊ ಕಂಪೆನಿಯ ಜೋಹಾನ್ಸ್‌ಬರ್ಗಿನ ಕೊಠಡಿಯಲ್ಲಿ 1939ರಲ್ಲಿ ಸಾಲೊಮನ್ ಲಿಂಡ ಎಂಬ ಜುಲು ಗಾಯಕನು ‘ಮ್ಬುಬೆ’ ಎಂಬ ಹಾಡನ್ನು ಹಾಡಿದನು, ಎಂದರೆ ಸಿಂಹ. ಕೆಲವೇ ಶಿಲಿಂಗುಗಳಿಗೆ ಹಾಡಿನ ಹಕ್ಕೂ ಹೊರಟುಹೋಯಿತು. ಆ ಹಾಡು ಅಮೆರಿಕಕ್ಕೆ ಹೋಗಿ, ಬೇರೆ ಹೆಸರು ಬೇರೆ ಮಾತುಗಳನ್ನು ಪಡೆದು, 1961ರಲ್ಲಿ ಲೋಕಪ್ರಸಿದ್ಧವಾಯಿತು. ಮುಂದೆ ಮಕ್ಕಳ ಚಲನಚಿತ್ರದಲ್ಲಿಯೂ ಸೇರಿತು. ಲಿಂಡ 1962ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಅವನ ಹೆಣ್ಣುಮಕ್ಕಳ ಪರವಾಗಿ 2004ರಲ್ಲಿ ದಾವೆ ಹೂಡಿ, 2006ರಲ್ಲಿ ರಾಜಿಯಾದ ಮೇಲೆಯೇ ಅವರ ಕೈಗೆ ನ್ಯಾಯವಾದ ಪಾಲು ಬಂದದ್ದು. ತಂದೆ ಹಾಡಿ ಅರುವತ್ತೇಳು ವರ್ಷಗಳಾಗಿದ್ದವು. ಹಾಡಿಗೆ ಒಡೆಯನಿಲ್ಲವೆನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಹಾಡಿದವನು ಒಡೆಯನಲ್ಲವೆಂದೊಡನೆ ಬೇರೆ ಯಾರೋ ಒಡೆಯರಾಗಿಬಿಡುತ್ತಾರೆ.

ಚೆಮಿರೋಚನ ಕಥೆಗೆ ಹಿಂದಿರುಗೋಣ. ನೈರೋಬಿ ನಗರದಲ್ಲಿ ಕೆಟೆಬುಲ್ ಮ್ಯೂಸಿಕ್ ಎಂಬ ಸಂಸ್ಥೆಯಿದೆ. ಲಾಭಕ್ಕಾಗಿ ಅಲ್ಲದೆ ತಮ್ಮ ನಾಡಿನ ಸಂಗೀತವನ್ನು ಕಾಪಾಡಬೇಕೆಂಬ ಉದ್ದೇಶದಿಂದ ಟಾಬು ಒಸುಸ ಎಂಬ ಸಂಗೀತಗಾರರು ಅದನ್ನು ಕಟ್ಟಿದರು. ಲಂಡನ್ನಿನ ಅಬುಬಿಲ ಮ್ಯೂಸಿಕ್ ಎಂಬ ಸಂಸ್ಥೆಯೊಡನೆ ಕೂಡಿ, ಧ್ವನಿಮುದ್ರಣದ ಸಲಕರಣೆಗಳನ್ನು ವಾಹನದಲ್ಲಿ ತುಂಬಿಕೊಂಡು, ಪೂರ್ವ ಆಫ್ರಿಕದ ಹಳ್ಳಿಗಳಿಗೆ ಹೋಗಿ, ಅಲ್ಲಿಯ ಹಾಡುಗಾರರನ್ನು ಅವರ ಅಂಗಳದಲ್ಲಿಯೇ ಧ್ವನಿಮುದ್ರಿಸುವ ಕಾರ್ಯವನ್ನು ಅವರು ಕೈಗೊಂಡಿದ್ದರು. 2014–15ರ ಸುಮಾರಿಗೆ ಟ್ರೇಸಿಯವರ ಭಂಡಾರದ ಅಂದಿನ ನಿರ್ದೇಶಕಿ ಡಯಾನ್ ಥ್ರಾಮ್ ಅವರು ಈ ಸಂಸ್ಥೆಯೊಡನೆ ಸೇರಿ ಒಂದು ಹೊಸ ಬಗೆಯ ಸಂಚಾರವನ್ನು ಕೈಗೊಂಡರು. ಇಲ್ಲಿಯವರೆಗಿನ ಸಂಚಾರಗಳೆಲ್ಲ ಹಾಡನ್ನು ತರಲು ಹೊರಟವು. ಇದು ಹಾಡನ್ನು ಕೊಡಲು ಹೊರಟಿತು.

ಕೊಡುವುದೆಂದರೆ ಅಂಚೆಯಲ್ಲಿ ಒಂದು ತಟ್ಟೆಯನ್ನು ಕಳುಹಿಸಿದರಾಯಿತೆಂದು ತಿಳಿಯಬಾರದು. ಯಾರಿಗೆ ಕಳುಹಿಸುವುದು? ಟ್ರೇಸಿಯವರ ಚೀಟಿಯಲ್ಲಿದ್ದ ಹೆಸರುಗಳನ್ನು ಹಿಡಿದು ಊರೂರಲ್ಲಿ ವಿಚಾರಿಸಬೇಕಾಯಿತು. ಪರಭಾಷೆಯವರು ಬರೆದುಕೊಂಡ ಹೆಸರುಗಳ ಅಕ್ಷರ ಎಷ್ಟು ನೆಚ್ಚಬಹುದೆಂಬುದನ್ನು, ಇಂಗ್ಲಿಷಿನಲ್ಲಿ ಬರೆದ ನಮ್ಮ ಊರುಗಳ ಹೆಸರನ್ನು ನೋಡಿರುವ ನಿಮಗೆ ಹೇಳಬೇಕಾಗಿಲ್ಲ. ಬಹುಮಂದಿ ಕಾಲವಶರಾಗಿದ್ದರು. ಬದುಕಿ ಉಳಿದಿದ್ದವರನ್ನು ಹುಡುಕಿ, ಹಿರಿಯರನ್ನೂ ಬಂಧುಗಳನ್ನೂ ಸೇರಿಸಿ, ಅವರ ಹಾಡನ್ನು ಅವರಿಗೇ ಕೇಳಿಸಿದರು. ಎಂಬತ್ತು ದಾಟಿದ ಮುದುಕರೊಬ್ಬರು ತಮ್ಮ ಯೌವನದ ಕಾಲದ ದನಿಗಳಿಗೆ ಕಿವಿಗೊಟ್ಟರು. ಕನ್ನಡಿಯಲ್ಲಿ ನಾವು ಕಾಣುವುದು ಇಂದಿನ ಮುಖವನ್ನು. ನಿನ್ನೆಯ ಮುಖವನ್ನು ತೋರುವ ಕನ್ನಡಿ ಇನ್ನೂ ಹುಟ್ಟಿಲ್ಲ. ಆ ದಿನ ಕಪ್ಕಟೆಟ್ಟಿನ ಹಿರಿಯರಿಗೆ ದೊರೆತದ್ದು ಅಂತಹ ಕನ್ನಡಿಯೇ ಸರಿ.

ಈ ಸಂಚಾರ ದೂರದ ಆಫ್ರಿಕದ್ದಾಯಿತು, ನಮಗೇನು ಎನ್ನುವಿರಾ? ಇಂತಹುದೊಂದು ಸಂಚಾರ ನಮ್ಮ ಕನ್ನಡನಾಡಿನಲ್ಲಿಯೂ ಅದಕ್ಕಿಂತ ಮೂವತ್ತು ವರ್ಷ ಮೊದಲೇ ನಡೆದಿದೆ. ಅರ್ನಾಲ್ಡ್ ಬಾಕೆ ಎಂಬ ಡಚ್ ವಿದ್ವಾಂಸರು ಸಂಸ್ಕೃತವನ್ನು ಓದಿ, ದಾಮೋದರನ ಸಂಗೀತದರ್ಪಣದ ಮೇಲೆ ಪ್ರಬಂಧ ಬರೆದು, ಶಾಂತಿನಿಕೇತನದಲ್ಲಿದ್ದುಕೊಂಡು ರವೀಂದ್ರರ ಗೀತೆಗಳನ್ನು ಕಲಿತವರು. 1938ರಲ್ಲಿ ಅವರು ಧ್ವನಿಮುದ್ರಣ ಯಂತ್ರವನ್ನೂ ಮೂಕಚಿತ್ರದ ಕ್ಯಾಮೆರಾವನ್ನೂ ಹೊತ್ತು ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಸಂಚರಿಸಿ, ಜನಪದ ಹಾಡು ಕುಣಿತಗಳನ್ನು ಸಂಗ್ರಹಿಸಿದರು. 1963ರಲ್ಲಿ ಅವರು ತೀರಿಕೊಂಡರು. ಅವರ ಶಿಷ್ಯರಾಗಿದ್ದ ನಜೀರ್ ಜೈರಾಜ್‌ಭಾಯ್ ಅವರೂ ವಿದುಷಿ ಏಮಿ ಕ್ಯಾಟ್ಲಿನ್ ಅವರೂ 1984ರಲ್ಲಿ ಆ ಸಂಗ್ರಹದ ಪ್ರತಿಗಳನ್ನು ತೆಗೆದುಕೊಂಡು ಗುರುಗಳು ಹೋದ ದಾರಿಯಲ್ಲಿಯೇ ಹೊರಟರು. 1938ರ ಹಾಡನ್ನು ಅದೇ ಸಮುದಾಯಗಳ ಜನರಿಗೆ ಕೇಳಿಸಿ, ಯಾವುದು ಉಳಿದಿದೆ, ಯಾವುದು ಮಾರ್ಪಟ್ಟಿದೆ, ಯಾವುದು ಅಳಿದಿದೆ ಎಂದು ಅವರ ಬಾಯಿಂದಲೇ ತಿಳಿದುಕೊಂಡರು. ಆ ಅನುಭವವನ್ನು 1991ರಲ್ಲಿ ವಿಡಿಯೋ ರೂಪದಲ್ಲಿ ಹೊರತಂದರು. ಗುರುಗಳು ತಂದದ್ದನ್ನು ಶಿಷ್ಯರು ಹಿಂದಿರುಗಿಸಿದರು. ಋಷಿಋಣವನ್ನು ತೀರಿಸುವುದೆಂದರೆ ಹೀಗೆಯೇ ಎಂದು ನನಗೆ ತೋರುತ್ತದೆ.

ಹೀಗೆ ಹಿಂದಿರುಗಿಸುವುದರಿಂದ ಬರುವ ಫಲವೇನು? ಹಳೆಯ ತಟ್ಟೆಯನ್ನು ಕೇಳಿದ ಮಾತ್ರಕ್ಕೆ ಬಿಟ್ಟುಹೋದ ಹಾಡು ಮತ್ತೆ ಬಾಳುತ್ತದೆಂದು ಹೇಳಲಾಗದು. ಸುಗ್ಗಿಯೇ ಇಲ್ಲದ ಕಡೆ ಸುಗ್ಗಿಯ ಹಾಡು ಉಳಿಯುವುದು ಕಷ್ಟ. ಆದರೆ ಒಂದು ಫಲ ನಿಶ್ಚಯವಾಗಿ ಉಂಟು. ನಮ್ಮ ಅಜ್ಜಿಯ ಹಾಡು ಲೋಕಕ್ಕೆ ಬೇಕಾದುದಾಗಿತ್ತು, ಅದನ್ನು ಕಡಲಾಚೆಯವರು ಜೋಪಾನಮಾಡಿದ್ದರು ಎಂಬುದನ್ನು ಮೊಮ್ಮಗಳು ತಿಳಿಯುತ್ತಾಳೆ. ಕನ್ನಡನಾಡಿನ ಜನ ಓದದೆಯೇ ಕಾವ್ಯದಲ್ಲಿ ನಿಪುಣರೆಂದು ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿಯೇ ಹೇಳಿತು. ಆ ಮನ್ನಣೆಯನ್ನು ಹೊತ್ತಗೆಯಲ್ಲಿ ಓದುವುದು ಒಂದು. ನಮ್ಮ ಮನೆಯ ಮುದುಕಿಯೇ ಅದಕ್ಕೆ ಅರ್ಹಳೆಂದು ಕಂಡುಕೊಳ್ಳುವುದು ಇನ್ನೊಂದು.

ಕಡೆಯದಾಗಿ ನಿಮ್ಮಲ್ಲಿ ಒಂದು ಬಿನ್ನಹ. ಇಂದು ಧ್ವನಿಮುದ್ರಣಕ್ಕೆ ವಾಹನವೂ ಬೇಡ, ಮಾರುದ್ದದ ತಂತಿಯೂ ಬೇಡ. ಮನೆಯ ಮಕ್ಕಳ ಕೈಯಲ್ಲಿರುವ ಮೊಬೈಲು ಸಾಕು. ನಿಮ್ಮ ಮನೆಯಲ್ಲಿ ಬೀಸುವ ಹಾಡನ್ನೋ, ಸೋಬಾನೆಯನ್ನೋ, ಕೋಲಾಟದ ಪದವನ್ನೋ ಬಲ್ಲ ಹಿರಿಯರಿದ್ದರೆ, ಅವರ ಒಪ್ಪಿಗೆಯನ್ನು ಪಡೆದು ಹಿಡಿದಿಡಿರಿ. ಹಿಡಿದ ಮೇಲೆ ಮೂರು ಕೆಲಸಗಳನ್ನು ಮರೆಯಬೇಡಿರಿ. ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಬರೆದಿಡಿರಿ. ಹೆಸರಿಲ್ಲದ ದನಿ ವಿಳಾಸವಿಲ್ಲದ ಕಾಗದದಂತೆ, ಹಿಂದಿರುಗಿಸಲು ದಾರಿಯಿರುವುದಿಲ್ಲ. ಅದರಿಂದ ಎಂದಾದರೂ ನಾಲ್ಕು ಕಾಸು ಬರುವಂತಾದರೆ ಮೊದಲ ಪಾಲು ಅವರದೆಂದು ತಿಳಿಯಿರಿ. ಎಲ್ಲಕ್ಕಿಂತ ಮಿಗಿಲಾಗಿ, ಅವರ ಹಾಡನ್ನು ಅವರಿಗೇ ಕೇಳಿಸಿರಿ. ಅವರು ಕೇಳುವ ಸ್ಥಿತಿಯಲ್ಲಿ ಇರುವಾಗಲೇ ಕೇಳಿಸಿರಿ. ಕಪ್ಕಟೆಟ್ಟಿನ ಹಾಡು ತನ್ನ ಊರನ್ನು ಸೇರಲು ಅರುವತ್ತಕ್ಕೂ ಮಿಕ್ಕು ವರ್ಷಗಳು ಹಿಡಿದವು. ನಿಮ್ಮ ಮನೆಯ ಹಾಡು ಪಡಸಾಲೆಯಿಂದ ಅಡುಗೆಮನೆಗೆ ಹೋಗಲು ಅಷ್ಟು ಕಾಲ ಬೇಕಾಗಿಲ್ಲ.